ಕುಯ್ಲಿನ ದಿನವನ್ನು ಪಲ್ಪರ್‌ನಿಂದ ಹಿಂದಕ್ಕೆ ಎಣಿಸಿ

ಅರೇಬಿಕಾ ಕಾಫಿ ಕುಯ್ಲು ಬಂತೆಂದರೆ ಆಲ್ದೂರು, ಮೂಡಿಗೆರೆ ಕಡೆ ಎಲ್ಲರದ್ದೂ ಒಂದೇ ಮಾತು: ಆಳು ಸಾಲದು. ಅದು ನಿಜವೇ. ಆದರೆ ಬಂದ ಆಳಿನ ಹೊತ್ತು ಹೆಚ್ಚು ಹಾಳಾಗುವುದು ಚೀಲ ಹೊತ್ತು ನಡೆಯುವುದರಲ್ಲಿ, ತೂಕಕ್ಕೆ ಕಾಯುವುದರಲ್ಲಿ. ಅದಕ್ಕೇ ನಾನು ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಅಂದರೆ ಪಲ್ಪರ್, ಎಷ್ಟು ಹೊತ್ತಿಗೆ ತಿರುಗಬೇಕು ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಂಡು, ಉಳಿದ ಕೆಲಸವನ್ನೆಲ್ಲ ಅಲ್ಲಿಂದ ಹಿಂದಕ್ಕೆ ಜೋಡಿಸುತ್ತೇನೆ.

ಕುಯ್ದ ಹಣ್ಣು ಅದೇ ದಿನ ಪಲ್ಪ್ ಆಗಬೇಕು. ಚೀಲದಲ್ಲಿ ರಾತ್ರಿ ಕಳೆದರೆ ಬಿಸಿಯೇರಿ ಹುಳಿಯುತ್ತದೆ. ಸಂಜೆ 6ಕ್ಕೆ ಪಲ್ಪಿಂಗ್ ಮುಗಿದರೆ, ತೊಟ್ಟಿಯಲ್ಲಿ ಬೀಜದ ಮೇಲಿನ ಲೋಳೆ ಬಿಡಲು ಬೇಕಾದ 24ರಿಂದ 36 ಗಂಟೆ ನಾಡಿದ್ದು ಬೆಳಿಗ್ಗೆ 6ಕ್ಕೆ ತುಂಬುತ್ತದೆ. ಆಗಲೇ ತೊಳೆದರೆ 8:30ರ ಒಳಗೆ ಬೀಜ ಒಣಗಿಸುವ ಕಣಕ್ಕೆ ಬಂದು, ಇಡೀ ದಿನದ ಬಿಸಿಲು ಸಿಗುತ್ತದೆ. ಇದಕ್ಕೆ ಎರಡು ತೊಟ್ಟಿ ಬೇಕೇಬೇಕು. ಒಂದೇ ಇದ್ದರೆ ಎರಡನೇ ದಿನದ ಹಣ್ಣಿಗೆ ಜಾಗವಿಲ್ಲ. ಲೆಕ್ಕ ಹೀಗಿದ್ದರೂ ಮಾರನೇ ಸಂಜೆ ಒಮ್ಮೆ ಕೈಹಾಕಿ ನೋಡಲೇಬೇಕು. ಒಂದು ಹಿಡಿ ತೊಳೆದು ಉಜ್ಜಿದಾಗ ಜಾರದೆ ಮರಳುಕಲ್ಲಿನಂತೆ ಒರಟಾಗಿದ್ದರೆ ಆಯಿತು. ಸೆಕೆಯ ದಿನ ಬೇಗ ಆಗುತ್ತದೆ, ಮಂಜಿನ ದಿನ ತಡ. ಆಗಿದ್ದನ್ನು ಬೆಳಿಗ್ಗೆವರೆಗೆ ಬಿಟ್ಟರೆ ಬೀಜ ನಾರುತ್ತದೆ. ಅಂಥ ದಿನ ದೀಪ ಹಾಕಿಕೊಂಡಾದರೂ ರಾತ್ರಿಯೇ ತೊಳೆಯುವುದು ಒಳ್ಳೆಯದು.

6ಕ್ಕೆ ಮುಗಿಯಬೇಕಾದರೆ 4:30ಕ್ಕೆ ಪಲ್ಪರ್ ಹತ್ತಬೇಕು, ಅಂದರೆ 3:30ಕ್ಕೆ ಕೊನೆಯ ತೂಕ. ನಾಲ್ಕರ ಆಸುಪಾಸಿನಲ್ಲಿ ತೂಕ, ಪಲ್ಪರ್, ಕಣದ ಬೀಜವನ್ನು ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಮುಚ್ಚುವುದು, ಮೂರೂ ಒಟ್ಟಿಗೆ ಮೈಮೇಲೆ ಬರುತ್ತವೆ. ಹಾಗಾಗಿ ಕಣಕ್ಕೆ ಒಬ್ಬರನ್ನು ಬೇರೆಯೇ ಇಡುತ್ತೇನೆ, ಅವರನ್ನು ಕುಯ್ಲಿಗೆ ಕರೆಯುವುದಿಲ್ಲ. 4ರಿಂದ 7 ಸೆಂ.ಮೀ. ದಪ್ಪಕ್ಕೆ ಹರವಿ ಗಂಟೆಗೊಮ್ಮೆ ತಿರುವುವುದು ಅವರ ಕೆಲಸ. ಟಾರ್ಪಾಲ್ ಕಣದ ಅಂಚಿನಲ್ಲೇ ಮಡಚಿ ಇಟ್ಟಿರಬೇಕು, ಗೋದಾಮಿನಲ್ಲಲ್ಲ. ಅಕಾಲದ ಮಳೆ ಹೇಳಿ ಬರುವುದಿಲ್ಲ.

ತೂಕ ದಿನಕ್ಕೆ ಎರಡು ಸಲ, ಮಧ್ಯಾಹ್ನ ಊಟದ ಮುಂಚೆ ಒಮ್ಮೆ. ಹಸಿಗಾಯಿ, ಕರಿಕಾಯಿ ಆರಿಸಿದ ಮೇಲೆಯೇ ತಕ್ಕಡಿಗೆ ಬರಬೇಕು, ಕೆ.ಜಿ. ಲೆಕ್ಕದ ಕೂಲಿಯಲ್ಲಿ ಆರಿಸುವುದನ್ನು ಆಮೇಲೆಂದು ಬಿಟ್ಟರೆ ಅದು ಆಗುವುದೇ ಇಲ್ಲ. ಮಧ್ಯಾಹ್ನದ ಹಣ್ಣನ್ನು ನೆರಳಲ್ಲಿ ಗೋಣಿಚೀಲದಲ್ಲಿಡಿ, ಪ್ಲಾಸ್ಟಿಕ್ ಚೀಲ ಬೇಡ. ಅದರಲ್ಲಿ ಒಂದು ಬಕೆಟ್ ತೆಗೆದು ಪಲ್ಪರ್ ಪರೀಕ್ಷೆ ಮಾಡಿ. ಬೀಜಕ್ಕೆ ಗಾಯವಾದರೆ ಸಂದು ಬಿಗಿ, ಹಣ್ಣು ಹಾಗೇ ಜಾರಿದರೆ ಸಡಿಲ. ಬೆಲ್ಟು, ನೀರು, ತ್ರೀ ಫೇಸ್ ಕರೆಂಟಿನ ಹೊತ್ತು, ಎಲ್ಲವನ್ನೂ ಆಗಲೇ ನೋಡಿಕೊಳ್ಳಬೇಕು. ಸಂಜೆ 5ಕ್ಕೆ ಬೆಲ್ಟ್ ಹರಿದರೆ ಪೇಟೆಯ ಅಂಗಡಿ ಬಲು ದೂರ. ಒಂದು ಬಿಡಿ ಬೆಲ್ಟ್ ಪಲ್ಪರ್ ಮನೆಯಲ್ಲೇ ಇರಲಿ.

ತೂಕದ ಜಾಗ ಅವತ್ತು ಕುಯ್ಯುವ ಬ್ಲಾಕಿನ (ತೋಟದ ಭಾಗದ) ಜೊತೆ ಸರಿಯುತ್ತಿರಬೇಕು. ಹೋಗಲು ಹತ್ತು ನಿಮಿಷ, ಬರಲು ಹತ್ತು, ದಿನಕ್ಕೆ ಎರಡು ಸಲ ಅಂದರೆ ಒಬ್ಬರಿಗೆ 40 ನಿಮಿಷ. ಇಪ್ಪತ್ತು ಜನಕ್ಕೆ 800 ನಿಮಿಷ, ಒಂದೂವರೆ ಆಳಿನ ದಿನಕ್ಕಿಂತ ಹೆಚ್ಚು. ತಕ್ಕಡಿಯನ್ನು ಜೀಪಿನಲ್ಲಿ ಹಾಕಿಕೊಂಡು ಹೋಗುವುದು ಇದಕ್ಕಿಂತ ಎಷ್ಟೋ ಅಗ್ಗ.

ನಾಳೆ ಎಲ್ಲಿಂದ ಶುರು ಅನ್ನುವುದನ್ನು ಇವತ್ತು ಸಂಜೆಯೇ ಮೇಸ್ತ್ರಿ ಜೊತೆ ಬ್ಲಾಕಿಗೆ ಹೋಗಿ, ಮೊದಲ ಸಾಲಿನ ಗಿಡಕ್ಕೆ ಬಟ್ಟೆ ಕಟ್ಟಿ ಗುರುತು ಮಾಡಿ ಬರುತ್ತೇವೆ. ಬೆಳಿಗ್ಗೆ ಸಾಲು ಹಂಚುವ ಚರ್ಚೆ ಇರುವುದಿಲ್ಲ.

ರಾತ್ರಿ ಪುಸ್ತಕದಲ್ಲಿ ಬ್ಲಾಕು, ಜನ, ಹಣ್ಣಿನ ತೂಕ, ಕೊನೆಯ ತೂಕ ಮುಗಿದ ಹೊತ್ತು ಬರೆಯುತ್ತೇನೆ. ತಲಾ ಕೆ.ಜಿ. ಇಳಿಯಿತೆಂದರೆ ಮೊದಲು ಆಳನ್ನು ದೂರಬೇಡಿ, ಅಲ್ಲಿ ಹಣ್ಣು ತೆಳುವಾಗಿರುತ್ತದೆ. ಬ್ಲಾಕ್ ಬದಲಿಸಿ, ಉಳಿದದ್ದು ಹಣ್ಣಾಗಲು ಬಿಡಿ. 100 ಕೆ.ಜಿ. ಹಣ್ಣಿಗೆ ಸುಮಾರು 20 ಕೆ.ಜಿ. ತೆಳು ಹೊಟ್ಟಿನ ಸಮೇತದ ಒಣ ಬೀಜ, ಅಂದರೆ ಪಾರ್ಚ್‌ಮೆಂಟ್ ಬರಬೇಕು. ಅದಕ್ಕಿಂತ ತೀರಾ ಕಡಿಮೆ ಬಂದರೆ ಸಿಪ್ಪೆಗುಂಡಿಯಲ್ಲಿ ಕೈಯಾಡಿಸಿ, ಬೀಜ ಸಿಪ್ಪೆಯ ಜೊತೆ ಹೋಗುತ್ತಿದೆಯೇ ನೋಡಿ.