ಬೀಗ ನೋಡಿಕೊಂಡು ದಿನ ಹಾಕಿ: ಸಫ್ರಾನ್‌ಬೋಲು, ಕಸ್ತಮೋನು

ಟರ್ಕಿಯಲ್ಲಿ ಕಪ್ಪು ಸಮುದ್ರದ ಕಡೆಗಿರುವ ಈ ಎರಡು ಊರುಗಳಿಗೆ ನಾಲ್ಕು ದಿನ ಧಾರಾಳ ಸಾಕು. ಆದರೆ ವಾರ ತಪ್ಪಿದರೆ ಅರ್ಧ ಪ್ರವಾಸ ಬಾಗಿಲ ಹೊರಗೇ ಮುಗಿಯುತ್ತದೆ. ಇಲ್ಲಿನ ಬೀಗಗಳು ಮೂರು ಬಗೆ. ಮ್ಯೂಸಿಯಮ್ಮಿಗೆ ಸಾಮಾನ್ಯವಾಗಿ ಸೋಮವಾರ ರಜ. ಪೇಟೆಯ ಮಸೀದಿ ದಿನವೆಲ್ಲ ತೆರೆದಿದ್ದರೂ ನಮಾಜಿನ ಹೊತ್ತಿಗೆ ನೋಡಲು ಬಂದವರಿಗೆ ಮುಚ್ಚಿದ ಹಾಗೆಯೇ. ಹಳ್ಳಿ ಮಸೀದಿಗೆ ನಿಜವಾದ ಬೀಗ, ಬೀಗದ ಕೈ ಊರಲ್ಲಿ ಯಾರದೋ ಜೇಬಿನಲ್ಲಿ.

ಹಾಗಾಗಿ ನಾನು ಭಾನುವಾರ ಬೆಳಿಗ್ಗೆ ಅಂಕಾರಾ ಬಿಡುವ ಲೆಕ್ಕ ಹಾಕುತ್ತೇನೆ. ಸಫ್ರಾನ್‌ಬೋಲುವಿಗೆ ಬಸ್ಸಿನಲ್ಲಿ ಮೂರು ಗಂಟೆ. ವಾರಾಂತ್ಯಕ್ಕೆ ಬಂದವರು ಹಿಂತಿರುಗುವ ಹೊತ್ತಿಗೆ ನಾವು ಊರೊಳಗೆ ಇರುತ್ತೇವೆ, ಕೋಣೆಯೂ ಸುಲಭವಾಗಿ ಸಿಗುತ್ತದೆ. ಮಧ್ಯಾಹ್ನವೇ ನಗರ ಇತಿಹಾಸದ ಮ್ಯೂಸಿಯಂ ಮುಗಿಸಿಬಿಡುವುದು, ಮರುದಿನ ಅದು ಸಿಗುವುದಿಲ್ಲ. ಸೋಮವಾರ ಮಸೀದಿ, ಪೇಟೆ, ಹಳ್ಳಿ. ಮಂಗಳವಾರ ಬೆಳಿಗ್ಗೆ ಸುಮಾರು 100 ಕಿ.ಮೀ. ಪೂರ್ವಕ್ಕೆ ಕಸ್ತಮೋನು, ಮಧ್ಯಾಹ್ನ ಅಲ್ಲಿನ ಮ್ಯೂಸಿಯಂಗಳು. ಬುಧವಾರ ಕಸಬಾ ಹಳ್ಳಿ. ರಂಜಾನ್, ಬಕ್ರೀದ್ ಹಬ್ಬಗಳ ಮೊದಲ ದಿನ ಬೆಳಿಗ್ಗೆ ಸರ್ಕಾರಿ ಮ್ಯೂಸಿಯಂ ತೆರೆಯುವುದಿಲ್ಲ, ಆ ವಾರ ಬಸ್ಸಿನಲ್ಲಿ ಸೀಟೂ ಕಷ್ಟ.

ನಮಾಜಿನ ವೇಳೆ ಕಂಠಪಾಠ ಮಾಡಬೇಕಿಲ್ಲ, ಲೆಕ್ಕ ತಿಳಿದರೆ ಸಾಕು. ಟರ್ಕಿ 2016ರಿಂದ ವರ್ಷಪೂರ್ತಿ ಗ್ರೀನಿಚ್‌ಗಿಂತ ಮೂರು ಗಂಟೆ ಮುಂದಿನ ಗಡಿಯಾರ ಇಟ್ಟುಕೊಂಡಿದೆ. ಅದು 45 ಡಿಗ್ರಿ ರೇಖಾಂಶದ ಸಮಯ, ಸಫ್ರಾನ್‌ಬೋಲು ಇರುವುದು 33ಕ್ಕೂ ಸ್ವಲ್ಪ ಪಶ್ಚಿಮಕ್ಕೆ. ಡಿಗ್ರಿಗೆ 4 ನಿಮಿಷ. ಹಾಗಾಗಿ ಸೂರ್ಯ ನೆತ್ತಿಗೆ ಬರುವುದು ಫೋನಿನ 12:50ರ ಸುಮಾರಿಗೆ, ಋತುವಿಗೆ ತಕ್ಕಂತೆ ಕಾಲು ಗಂಟೆ ಆಚೀಚೆ. ಮಧ್ಯಾಹ್ನದ ನಮಾಜು ಅದರ ಬೆನ್ನಿಗೇ. ಸಂಜೆಗೆ ಮುಂಚಿನದು ಚಳಿಗಾಲದಲ್ಲಿ 3ರ ಆಸುಪಾಸು, ಬೇಸಿಗೆಯಲ್ಲಿ 5ರ ಹತ್ತಿರ. ಕೊಪ್ರುಲು ಮೆಹ್ಮೆತ್ ಪಾಶಾ ಮಸೀದಿಯ ಅಂಗಳದಲ್ಲಿ ಹಳೆಯ ನೆರಳು ಗಡಿಯಾರವಿದೆ. ಅದು ತಪ್ಪು ಸಮಯ ತೋರಿಸುತ್ತಿದೆ ಎಂದು ಅನ್ನಿಸಿದರೆ ಕಾರಣ ಈ ಲೆಕ್ಕವೇ. ಒಟ್ಟಿನಲ್ಲಿ ಮಸೀದಿಗೆ ಬೆಳಿಗ್ಗೆ 9:30ರಿಂದ 12 ಒಳ್ಳೆಯ ಹೊತ್ತು. ಶುಕ್ರವಾರ 12ರಿಂದ 2ರವರೆಗೆ ಆ ಕಡೆ ಹೋಗುವುದೇ ಬೇಡ.

ಚೀಲದಲ್ಲಿ ಇರಬೇಕಾದದ್ದು ಸ್ವಲ್ಪವೇ: ದಪ್ಪ ಕಾಲುಚೀಲ, ಚಪ್ಪಲಿ ಹಾಕಿಕೊಳ್ಳಲು ಬಟ್ಟೆ ಚೀಲ, ಹೆಂಗಸರಿಗೆ ತಲೆವಸ್ತ್ರ, ಸಣ್ಣ ಟಾರ್ಚು, ಚಿಲ್ಲರೆ ಲಿರಾ. ತಲೆವಸ್ತ್ರ ದೊಡ್ಡ ಮಸೀದಿಗಳಲ್ಲಿ ಬಾಗಿಲಲ್ಲೇ ಸಿಗಬಹುದು, ಹಳ್ಳಿಯಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಗಂಡಸರಿಗೂ ಮೊಣಕಾಲು ಮುಚ್ಚಿರಬೇಕು. ಚಕ್ರದ ಸೂಟ್‌ಕೇಸ್ ಮಾತ್ರ ಬೇಡ. ಬಸ್ಸು ನಮ್ಮನ್ನು ಇಳಿಸುವುದು ಸಫ್ರಾನ್‌ಬೋಲುವಿನ ಮೇಲಿನ ಹೊಸ ಪೇಟೆ ಕಿರಾನ್‌ಕೊಯ್‌ನಲ್ಲಿ, ಹಳೆಯ ಪೇಟೆ ಕೆಳಗಿನ ಕಣಿವೆಯಲ್ಲಿ. ಇಳಿಜಾರು ದಾರಿಗೆ ಉರುಟು ಕಲ್ಲು ಹಾಸಿದ್ದಾರೆ. ಚಕ್ರ ಅಲ್ಲೇ ಮುರಿಯುತ್ತದೆ, ಮಳೆ ಬಿದ್ದರೆ ಕಾಲೂ ಜಾರುತ್ತದೆ.

ಸಫ್ರಾನ್‌ಬೋಲು 1994ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಹೆಸರು ಬಂದದ್ದು ಕೇಸರಿಯಿಂದ. ಮೊದಲು ಕೋಟೆದಿಣ್ಣೆ ಹತ್ತಿ. ನಗರ ಮ್ಯೂಸಿಯಂ ಇರುವುದು ಅಲ್ಲಿನ ಹಳೆಯ ಸರ್ಕಾರಿ ಕಚೇರಿಯಲ್ಲಿ. 1976ರಲ್ಲಿ ಸುಟ್ಟುಹೋದ ಕಟ್ಟಡವದು, ಆಮೇಲೆ ಸರಿಮಾಡಿದ್ದಾರೆ. ಕೆಳ ಅಂತಸ್ತಿನಲ್ಲಿ ಕಮ್ಮಾರ, ಮೋಚಿ ಮುಂತಾದವರ ಅಂಗಡಿಗಳನ್ನು ಮತ್ತೆ ಕಟ್ಟಿಟ್ಟಿದ್ದಾರೆ. ಇದನ್ನು ನೋಡಿ ಪೇಟೆಗೆ ಇಳಿದರೆ ಯಾವ ಬೀದಿ ಯಾವ ಕಸುಬಿನದು ಎಂದು ಕೇಳಬೇಕಾಗಿಲ್ಲ. ಪಕ್ಕದಲ್ಲೇ 1797ರ ಗಡಿಯಾರ ಗೋಪುರ. ಕೆಳಗೆ 1796ರ ಇಜ್ಜೆತ್ ಮೆಹ್ಮೆತ್ ಪಾಶಾ ಮಸೀದಿ ಹಳ್ಳದ ಮೇಲೆ ಕಮಾನು ಕಟ್ಟಿ ನಿಂತಿದೆ. ಒಳಗೆ ಹೋಗಿ ಬಂದವರಲ್ಲೂ ಎಷ್ಟೋ ಜನ ಆ ಕಮಾನು ನೋಡಿರುವುದಿಲ್ಲ, ಹಿಂಬದಿಗೆ ಸುತ್ತಿ ಬರಬೇಕು.

ಮನೆಗಳಿಗೆ ಬರೋಣ. ಹತ್ತು ಮನೆ ಓಡಿ ನೋಡುವುದಕ್ಕಿಂತ ಒಂದರಲ್ಲಿ ಒಂದು ಗಂಟೆ ನಿಲ್ಲುವುದು ಮೇಲು. ನನ್ನ ಆಯ್ಕೆ ಕೈಮಕಾಮ್‌ಲಾರ್ ಮನೆ. ಕೆಳ ಅಂತಸ್ತು ಕಲ್ಲಿನದು, ಮೇಲಿನದು ಮರದ ಚೌಕಟ್ಟಿಗೆ ಮಣ್ಣಿನ ಇಟ್ಟಿಗೆ ತುಂಬಿದ್ದು. ನೆಲಮಟ್ಟ ದನಕರು, ಸೌದೆ, ಉಗ್ರಾಣಕ್ಕೆ. ನಡುವಿನ ಅಂತಸ್ತಿನ ಮಾಳಿಗೆ ತಗ್ಗು, ಬೇಗ ಬೆಚ್ಚಗಾಗಲೆಂದು. ಮೇಲಿನದು ಎತ್ತರ, ಗಾಳಿ ಬೆಳಕಿಗೆ, ಅತಿಥಿಗಳಿಗೆ. ಕೋಣೆಗಳೆಲ್ಲ ಬಾಯಿ ತೆರೆಯುವ ಪಡಸಾಲೆಗೆ ಅವರ ಭಾಷೆಯಲ್ಲಿ ‘ಸೋಫಾ’ ಎನ್ನುತ್ತಾರೆ. ಗೈಡು ‘ಸೋಫಾ’ ಎಂದಾಗ ಕುರ್ಚಿ ಹುಡುಕಬೇಡಿ.

ಒಂದೊಂದು ಕೋಣೆಯೂ ಒಂದು ಸಂಸಾರಕ್ಕೆ ಪೂರ್ತಿ ಮನೆ: ಗೋಡೆಯುದ್ದಕ್ಕೂ ಕೂರುವ ಜಗಲಿ, ಒಲೆ, ಹಾಸಿಗೆ ಮಡಿಸಿಡುವ ಕಪಾಟು. ಆ ಕಪಾಟಿನೊಳಗೇ ಬಚ್ಚಲು! ಗೈಡು ತೋರಿಸದಿದ್ದರೆ ಅದು ಬರೀ ಬಾಗಿಲಂತೆ ಕಾಣುತ್ತದೆ. ಕೇಳಿ, ತೆರೆದು ತೋರಿಸುತ್ತಾರೆ. ಇನ್ನೊಂದು ಹುಡುಕಬೇಕಾದದ್ದು ತಿರುಗುವ ಕಪಾಟು. ಹೆಂಗಸರ ಭಾಗದಿಂದ ತಟ್ಟೆ ಇಟ್ಟು ತಿರುಗಿಸಿದರೆ ಗಂಡಸರ ಭಾಗದಲ್ಲಿ ಊಟ, ಯಾರ ಮುಖವೂ ಯಾರಿಗೂ ಕಾಣದು. ಪಾದರಕ್ಷೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಳ್ಳಲು ಹೇಳುವ ಮನೆಗಳಿವೆ. ಹೊಳಪಿನ ಮರದ ಮೆಟ್ಟಿಲ ಮೇಲೆ ಅದು ಜಾರುತ್ತದೆ, ಕೈಹಿಡಿ ಬಿಡಬೇಡಿ. ಊರ ಶ್ರೀಮಂತರಿಗೆ ಚಳಿಗಾಲಕ್ಕೆ ಕಣಿವೆಯಲ್ಲೊಂದು, ಬೇಸಿಗೆಗೆ ಮೇಲಿನ ಬಾಲಾರ್ ಬಡಾವಣೆಯ ತೋಟದಲ್ಲೊಂದು ಮನೆ ಇರುತ್ತಿತ್ತು. ಎರಡನ್ನೂ ನೋಡಿದರೆ ಕಿಟಕಿಗಳ ಲೆಕ್ಕ ಅರ್ಥವಾಗುತ್ತದೆ. ಸುಮಾರು 11 ಕಿ.ಮೀ. ದೂರದ ಯೋರುಕ್ ಹಳ್ಳಿಯಲ್ಲಿ ಇಂಥವೇ ಮನೆಗಳು, ಜನಜಂಗುಳಿ ಇಲ್ಲದೆ.

ಕಸ್ತಮೋನುವಿನಲ್ಲಿ ಸಮಯ ಕಡಿಮೆಯಿದ್ದರೆ ಲಿವಾ ಪಾಶಾ ಮಹಲಿನ ಜನಜೀವನ ಮ್ಯೂಸಿಯಂ ಬಿಡಬೇಡಿ, ಬೇರೇನನ್ನಾದರೂ ಬಿಡಿ. ಕಾರಣ ಒಂದು ಬಾಗಿಲು. ಕಸಬಾ ಹಳ್ಳಿಯ ಮಹಮೂದ್ ಬೇ ಮಸೀದಿಯ ಕೆತ್ತನೆಯ ಮೂಲ ಬಾಗಿಲು ಇಲ್ಲಿದೆ, ಮಸೀದಿಯಲ್ಲಿರುವುದು ಅದರ ನಕಲು. ಬೆರಳಗಲದ ಗೆರೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದನ್ನು ಇಲ್ಲೇ ನೋಡಿ, ಅನುಮತಿ ಕೇಳಿ ಫ್ಲಾಶ್ ಇಲ್ಲದೆ ಎರಡು ಫೋಟೊ ತೆಗೆದುಕೊಳ್ಳಿ. ಮರುದಿನ ನಕಲಿನ ಎದುರು ಹಿಡಿದು ಹೋಲಿಸಬಹುದು. ಪುರಾತತ್ವ ಮ್ಯೂಸಿಯಂ ಕಟ್ಟಡದಲ್ಲಿ ಟರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ 1925ರ ಆಗಸ್ಟ್‌ನಲ್ಲಿ ಟೋಪಿಯ ಸುಧಾರಣೆ, ಅಂದರೆ ಫೆಜ್ ಬಿಟ್ಟು ಪಾಶ್ಚಾತ್ಯ ಹ್ಯಾಟು ಹಾಕುವುದರ ಕುರಿತು ಮಾತಾಡಿದ್ದರು. 1506ರ ನಸ್ರುಲ್ಲಾ ಮಸೀದಿ ಊರ ನಡುವೆಯೇ ಇದೆ. ಅಲ್ಲಿನ ನೀರು ಕುಡಿದವರು ಏಳು ವರ್ಷದೊಳಗೆ ಮತ್ತೆ ಬರುತ್ತಾರಂತೆ.

ಕಸಬಾ ಎಂದರೆ ನಮ್ಮ ‘ಕಸಬಾ ಹೋಬಳಿ’ಯ ಕಸಬಾವೇ, ಅರಬ್ಬಿಯಿಂದ ಎರಡೂ ಕಡೆ ಬಂದ ಪದ. ಪಟ್ಟಣದಿಂದ ದಾದಾಯ್ ರಸ್ತೆಯಲ್ಲಿ ಸುಮಾರು 18 ಕಿ.ಮೀ. ಟ್ಯಾಕ್ಸಿಯಾದರೆ ಹೋಗಿ ಬರುವುದಕ್ಕೆ, ಜೊತೆಗೆ ಒಂದು ಗಂಟೆ ಕಾಯುವುದಕ್ಕೆ ಸೇರಿಸಿ ಮೊದಲೇ ದರ ಮಾತಾಡಿ. ಹಳ್ಳಿಯಲ್ಲಿ ವಾಪಸು ಗಾಡಿ ಸಿಗುತ್ತದೆಂಬ ನಂಬಿಕೆ ಬೇಡ. ಹೊರಡುವ ಮುನ್ನ ಹೋಟೆಲಿನವರಿಂದ ಹಳ್ಳಿಯ ಇಮಾಮರಿಗೋ ಊರ ಮುಖ್ಯಸ್ಥರಿಗೋ ಫೋನು ಮಾಡಿಸಿ. ಆದರೂ ಬಾಗಿಲು ಮುಚ್ಚಿದ್ದರೆ ಮೊದಲು ಕಂಡವರನ್ನು ‘ಅನಹ್ತಾರ್ ಕಿಮ್ದೆ’ ಎಂದು ಕೇಳಿ, ಬೀಗದ ಕೈ ಯಾರ ಹತ್ತಿರ ಎಂದರ್ಥ. ‘ಕಪಾಲಿ’ ಎಂಬ ಉತ್ತರ ಬಂದರೆ ಶಿವನ ಹೆಸರಲ್ಲ, ಮುಚ್ಚಿದೆ ಎಂದು. ಅಷ್ಟಕ್ಕೇ ಹಿಂತಿರುಗಬೇಡಿ, ಸ್ವಲ್ಪ ಹೊತ್ತು ನಿಂತರೆ ಯಾರಾದರೂ ಕರೆದುಕೊಂಡು ಬರುತ್ತಾರೆ.

ಹೊರಗಿನಿಂದ ಇದು ಕಾಡುಗಲ್ಲಿನ ಸಾದಾ ಕಟ್ಟಡ. ಒಳಗೆಲ್ಲ ಮರ. 1366ರದು, 2023ರಲ್ಲಿ ಅನಾತೋಲಿಯಾದ ಮರದ ಕಂಬಗಳ ಐದು ಮಸೀದಿಗಳಲ್ಲಿ ಒಂದಾಗಿ ಯುನೆಸ್ಕೊ ಪಟ್ಟಿ ಸೇರಿತು. ‘ಮೊಳೆಯಿಲ್ಲದ ಮಸೀದಿ’ ಎಂದೇ ಕರೆಯುತ್ತಾರೆ, ತೊಲೆ ತೊಲೆಯನ್ನು ಕಚ್ಚಿಸಿ ಕೂರಿಸಿದ್ದು. ನಾಲ್ಕು ಕಂಬ, ನಡುವಿನ ಅಂಕಣ ಅಗಲ. ನೆಲದಲ್ಲಿ ನಿಂತು ಕತ್ತೆತ್ತಿದರೆ ಕೆಂಪು ಛಾಯೆ ಬಿಟ್ಟು ಹೆಚ್ಚೇನೂ ಕಾಣುವುದಿಲ್ಲ. ಬಣ್ಣಗಾರಿಕೆ ಇರುವುದು ಜಂತೆ, ಬೋದಿಗೆಗಳ ಮಗ್ಗುಲಲ್ಲಿ. ಅನುಮತಿ ಕೇಳಿ ಹಿಂಬದಿಯ ಅಟ್ಟಕ್ಕೆ ಹತ್ತಿ. ಅಲ್ಲಿಂದ ಬಣ್ಣ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಟಾರ್ಚನ್ನು ನೇರ ಹಿಡಿಯದೆ ಓರೆಯಾಗಿ ಹಿಡಿದರೆ ಕುಂಚದ ಎಳೆ, ಬಣ್ಣ ಉದುರಿದ ಜಾಗ ಎರಡೂ ತಿಳಿಯುತ್ತವೆ. ಯಾವುದನ್ನೂ ಮುಟ್ಟಬೇಡಿ, ಬೆವರಿಗೆ ಹಳೆಯ ಬಣ್ಣ ನಿಲ್ಲುವುದಿಲ್ಲ. ಟಿಕೆಟ್ ಇಲ್ಲ. ಕೊಡಬೇಕೆನ್ನಿಸಿದರೆ ಕಾಣಿಕೆ ಡಬ್ಬಿ ಎಲ್ಲಿದೆ ಎಂದು ಕೇಳಿ. ಬೀಗ ತೆಗೆದವರ ಕೈಗೆ ನೋಟು ತುರುಕಿದರೆ ಅವರಿಗೆ ಮುಜುಗರ.