ಕಲಬುರಗಿ–ಬೆಂಗಳೂರು: ಆಕಾಶದಲ್ಲಿ 463 ಕಿ.ಮೀ., ಮನೆಯಿಂದ ಐದು ತಾಸು

ವಿಮಾನದ ದೂರ ತೋರಿಸುವ ಆಪ್‌ಗಳಲ್ಲಿ ಕೆಲವು ಊರ ನಡುವಿನಿಂದ ಅಳೆಯುತ್ತವೆ, ಕೆಲವು ನಿಲ್ದಾಣದಿಂದ. ಕಲಬುರಗಿಯ ನಿಲ್ದಾಣ ಇರುವುದು ಸೇಡಂ ರಸ್ತೆಯ ಶ್ರೀನಿವಾಸ ಸರಡಗಿ ಹತ್ತಿರ, ಬೆಂಗಳೂರಿನದು ದೇವನಹಳ್ಳಿ ಕಡೆ. ಅದಕ್ಕೇ ನಾನು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ಕೈಯಲ್ಲೇ ಲೆಕ್ಕ ಹಾಕುತ್ತೇನೆ.

ಕಲಬುರಗಿ 17.31 ಉತ್ತರ, 76.96 ಪೂರ್ವ. ಬೆಂಗಳೂರು 13.20, 77.71. ಅಕ್ಷಾಂಶದ ವ್ಯತ್ಯಾಸ 4.11, ಒಂದು ಡಿಗ್ರಿಗೆ 111 ಕಿ.ಮೀ.ನಂತೆ 456. ರೇಖಾಂಶದ ವ್ಯತ್ಯಾಸ 0.75, ಇದನ್ನು 111ರಿಂದ ಗುಣಿಸಿ, ಸರಾಸರಿ ಅಕ್ಷಾಂಶದ (15.25) ಕೊಸೈನ್ 0.965ರಿಂದ ಮತ್ತೆ ಗುಣಿಸಿದರೆ 80. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 463 ಕಿ.ಮೀ.

ಎಡವುವುದು ಎರಡು ಕಡೆ. 17 ಡಿಗ್ರಿ 18 ನಿಮಿಷ ಎಂದರೆ 17.30, ಅದನ್ನು 17.18 ಎಂದು ಬರೆದರೆ 13 ಕಿ.ಮೀ. ತಪ್ಪುತ್ತದೆ. ಇನ್ನೊಂದು, ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದ್ದರೆ ಕೊಸೈನ್ ಮೈನಸ್ 0.90 ಬರುತ್ತದೆ. ವರ್ಗ ಮಾಡಿದ ಮೇಲೆ ಮೈನಸ್ ಅಳಿಸಿಹೋಗುವುದರಿಂದ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಕೊಸೈನ್ ಬಂದ ಕೂಡಲೇ ನೋಡಿಕೊಳ್ಳಬೇಕು.

ಸಮಯಕ್ಕೆ, ಸಣ್ಣ ಜೆಟ್ ಆದರೆ ಗಂಟೆಗೆ 800 ಕಿ.ಮೀ. ಹಿಡಿದು 35 ನಿಮಿಷ. ರನ್‌ವೇವರೆಗಿನ ಓಟ, ಏರುವುದು, ಇಳಿಯುವುದಕ್ಕೆ 30 ಸೇರಿಸಿ 65. ರೆಕ್ಕೆಗೆ ಪಂಖ ಇರುವ ಎಟಿಆರ್ ಆದರೆ 500ರಂತೆ ಹಿಡಿಯಬೇಕು, ಒಟ್ಟು 85ರ ಹತ್ತಿರ ಹೋಗುತ್ತದೆ. ಹತ್ತಿರದ ಊರಿಗೆ ಈ 30 ನಿಮಿಷವೇ ಅರ್ಧ ಪ್ರಯಾಣ. ಬರೀ ದೂರವನ್ನು ವೇಗದಿಂದ ಭಾಗಿಸಿದವರ ಲೆಕ್ಕ ತಪ್ಪುವುದು ಇಲ್ಲೇ.

ಮನೆ ಬಿಟ್ಟು ನಿಲ್ದಾಣಕ್ಕೆ 30 ನಿಮಿಷ. ಬ್ಯಾಗ್ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮುಂಚೆ ಮುಚ್ಚುವುದರಿಂದ ಅಲ್ಲಿ 90. ಹಾರಾಟ 65, ಬ್ಯಾಗ್ ಬರಲು 25, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ 90. ಒಟ್ಟು 300 ನಿಮಿಷ, ಅಂದರೆ ಐದು ತಾಸು. ವಂದೇ ಭಾರತ್ ರೈಲಿಗೆ ಬೆಂಗಳೂರು ಮುಟ್ಟಲು ಒಂಬತ್ತು ತಾಸಿನ ಹತ್ತಿರ ಬೇಕು. ಉಳಿಯುವುದು ನಾಲ್ಕು ತಾಸು. ರಾತ್ರಿ ರೈಲಿನಲ್ಲಿ ಮಲಗಿ ಹೋಗುವವರಿಗೆ ಅದೂ ಉಳಿಯುವುದಿಲ್ಲ.

ಆಪ್ ದೂರ ತೋರಿಸಿತೆಂದು ವಿಮಾನ ಇದೆ ಎಂದುಕೊಳ್ಳಬೇಡಿ. ಬೀದರ್–ದೆಹಲಿ ಎಂದು ಹಾಕಿದರೂ ಅದು ಸಮಯ ಹೇಳುತ್ತದೆ. ಕಲಬುರಗಿಯಿಂದ ಹಾರಾಟ ಶುರುವಾದದ್ದು 2019ರ ನವೆಂಬರ್ 22ರಂದು, ಆದರೆ ಉಡಾನ್ (ಸಣ್ಣ ಊರುಗಳ ವಿಮಾನಕ್ಕೆ ಕೇಂದ್ರ ಸರ್ಕಾರ ನೆರವು ಕೊಡುವ ಯೋಜನೆ) ಮಾರ್ಗಗಳು ನಡುವೆ ನಿಲ್ಲುವುದುಂಟು, ಇದ್ದಾಗಲೂ ದಿನಾ ಇರುವುದಿಲ್ಲ. ಮೊದಲು ಆ ದಿನದ ಟಿಕೆಟ್ ಸಿಗುತ್ತದೆಯೇ ನೋಡಿ, ಆಮೇಲೆ ಲೆಕ್ಕ.

ದೆಹಲಿಗಾದರೆ ನಾನು ಹೈದರಾಬಾದ್ ಮೇಲೆ ಹಿಡಿಯುತ್ತೇನೆ: ಹುಮನಾಬಾದ್, ಜಹೀರಾಬಾದ್, ಹೊರವರ್ತುಲ ರಸ್ತೆ, ಶಂಷಾಬಾದ್ ನಿಲ್ದಾಣ. ರಸ್ತೆಗೆ ಐದು ತಾಸು, ಅಲ್ಲಿಂದ 1,260 ಕಿ.ಮೀ. ಹಾರಾಟಕ್ಕೆ ಎರಡು ತಾಸು ಹತ್ತು ನಿಮಿಷ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜಿರುತ್ತದೆ, ಬೆಳಗಿನ ವಿಮಾನ ಬಿಟ್ಟು ಮಧ್ಯಾಹ್ನದ್ದನ್ನೇ ಹಿಡಿಯಿರಿ.