ರಾತ್ರಿ ಮೂಗಿನಲ್ಲಿ ಉಸಿರಾಡತೊಡಗಿದ ಮೇಲೆ ನಿಂತ ಹುಳುಕು

ಆರು ವರ್ಷಗಳಲ್ಲಿ ಒಂಬತ್ತೋ ಹತ್ತೋ ಫಿಲ್ಲಿಂಗ್, ಎರಡು ರೂಟ್ ಕೆನಾಲ್. ಲೆಕ್ಕ ಹಾಕಿದರೆ ಮೂರು ತಿಂಗಳ ಸಂಬಳ ಹಲ್ಲಿಗೇ ಹೋಗಿತ್ತು. ಎರಡು ಹೊತ್ತೂ ಫ್ಲೋರೈಡ್ ಪೇಸ್ಟ್ ಬಳಸಿ, ಫ್ಲಾಸ್ ಕೂಡ ತಪ್ಪಿಸದಿದ್ದ ನನಗೆ ‘ಇನ್ನೂ ಸರಿಯಾಗಿ ಉಜ್ಜಿ’ ಎಂಬ ಮಾತು ಕೇಳಿ ಕೇಳಿ ಬೇಸರವಾಗಿತ್ತು. ಹುಳುಕು ಹಿಡಿಯುತ್ತಿದ್ದುದು ಹೆಚ್ಚಾಗಿ ಮೇಲ್ಸಾಲಿನ ಮುಂದಿನ ಹಲ್ಲುಗಳ ಒಸಡಿನಂಚಿಗೆ. ಅಲ್ಲಿನ ಒಸಡೂ ಕೆಂಪಗೆ ಊದಿರುತ್ತಿತ್ತು. ಬೆಳಿಗ್ಗೆ ಎದ್ದಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುವುದನ್ನು ಇದರ ಜೊತೆಗಿಟ್ಟು ನೋಡಿದಾಗ, ಬಾಯಿಯಲ್ಲಿ ಉಸಿರಾಡುವುದೇ ಮೂಲವೆಂದು ನನಗೆ ಖಚಿತವಾಯಿತು. ದಂತವೈದ್ಯರು ನಂಬಲಿಲ್ಲ.

ನಿದ್ದೆಯಲ್ಲಿ ಜೊಲ್ಲು ಹೇಗೂ ಕಡಿಮೆ. ಇರುವಷ್ಟನ್ನೂ ಗಾಳಿ ಒಣಗಿಸಿದರೆ ಬಾಯಿಯ ಬ್ಯಾಕ್ಟೀರಿಯಾ ಹುಟ್ಟಿಸುವ ಆಮ್ಲವನ್ನು ತಡೆಯಲು ಹೆಚ್ಚೇನೂ ಉಳಿಯುವುದಿಲ್ಲ. ಆಮ್ಲೀಯತೆ ತೋರಿಸುವ ಪಿಎಚ್ ಕಾಗದ (7 ಎಂದರೆ ಸಮ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ತಂದು, ಎದ್ದ ಕೂಡಲೇ, ನೀರನ್ನೂ ಕುಡಿಯದೆ ಜೊಲ್ಲನ್ನು ಪರೀಕ್ಷಿಸತೊಡಗಿದೆ. ಬಾಯಿ ಒಣಗಿದ ದಿನಗಳಲ್ಲಿ ಅದು 6ಕ್ಕಿಂತ ಕೆಳಗೆ, ಕೆಲವೊಮ್ಮೆ ಹಲ್ಲಿನ ಹೊರಪದರವಾದ ಎನಾಮೆಲ್ ಕರಗತೊಡಗುವ 5.5ರ ಆಸುಪಾಸಿಗೆ ಇಳಿಯುತ್ತಿತ್ತು.

ಮೊದಲು ಮಾಡಿದ್ದೆಲ್ಲ ತಪ್ಪು. ನೇರವಾಗಿ ತುಟಿಗೆ ಟೇಪ್ ಅಂಟಿಸಿಕೊಂಡು ಮಲಗಿ, ಎರಡನೆಯ ರಾತ್ರಿಯೇ ಮೂಗು ಕಟ್ಟಿ, ಉಸಿರು ಸಿಕ್ಕಿಕೊಂಡು ಗಾಬರಿಯಿಂದ ಎದ್ದೆ. ಗದ್ದಕ್ಕೆ ಕಟ್ಟುವ ಪಟ್ಟಿ ದವಡೆ ನೋಯಿಸಿತು. ಕೋಣೆಗೆ ತೇವ ಕೊಡುವ ದುಬಾರಿ ಯಂತ್ರದಿಂದ ಗಂಟಲಿಗೆ ಹಿತವಾಯಿತೇ ಹೊರತು ಕಾಗದದ ಬಣ್ಣ ಬದಲಾಗಲಿಲ್ಲ. ನಡುವೆ ಝೈಲಿಟಾಲ್ (ಹುಳುಕು ತರದ ಸಿಹಿಕಾರಕ) ಹಾಕಿದ ಗಮ್ ಕೂಡ ಅಗಿದು ನೋಡಿದೆ. ಹಗಲು ಜೊಲ್ಲು ಚೆನ್ನಾಗಿ ಬರುತ್ತಿತ್ತು, ರಾತ್ರಿಯ ಕಥೆ ಅದೇ.

ತೆರೆಯಬೇಕಾದದ್ದು ಮೂಗು ಎಂದು ಅರಿವಾಗಲು ಒಂದು ವರ್ಷ ಹಿಡಿಯಿತು. ಮೂಗಿನ ವೈದ್ಯರು ಅಲರ್ಜಿಯೆಂದು ಸ್ಪ್ರೇ ಕೊಟ್ಟರು. ಕುದಿಸಿ ಆರಿಸಿದ ನೀರಿಗೆ ಉಪ್ಪು ಬೆರೆಸಿ ದಿನವೂ ಮೂಗು ತೊಳೆದೆ. ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಯಿಲ್ಲವೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಂಡೆ. ಸುಮಾರು ಎರಡು ತಿಂಗಳ ನಂತರವಷ್ಟೇ ಟೇಪಿಗೆ ಮರಳಿದೆ. ಅದನ್ನು ಎಷ್ಟು ಅಗಲಕ್ಕೆ ಕತ್ತರಿಸಿ ಎಲ್ಲಿ ಅಂಟಿಸುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂಗು ಕಟ್ಟಿದವರು ಓದಿ ಅನುಕರಿಸುವುದು ನನಗೆ ಬೇಡ. ಬೆಳಗಿನ ಕಾಗದ 7ರ ಹತ್ತಿರ ಬಂತು.

ಆದರೂ ಒಸಡಿನಿಂದ ರಕ್ತ ನಿಲ್ಲಲಿಲ್ಲ. ಕಾರಣ ಸಿಕ್ಕಿದ್ದು ರಕ್ತಪರೀಕ್ಷೆಯಲ್ಲಿ: ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.2, ಅಂದರೆ ಮಧುಮೇಹದ ಹೊಸ್ತಿಲಲ್ಲಿ ಇತ್ತು. ರಕ್ತದಲ್ಲಿ ಸಕ್ಕರೆ ಏರಿದಾಗ ಒಸಡಿನ ಉರಿಯೂತ ಹೆಚ್ಚುತ್ತದೆ, ಆ ಉರಿಯೂತ ಮತ್ತೆ ಸಕ್ಕರೆಯ ಹತೋಟಿಯನ್ನು ಕೆಡಿಸುತ್ತದೆ. ರಾತ್ರಿ ಊಟದ ನಂತರ ಏನನ್ನೂ ತಿನ್ನದೆ, ಅರ್ಧ ಗಂಟೆ ನಡೆಯುವುದನ್ನು ರೂಢಿಸಿಕೊಂಡೆ. ಹತ್ತು ತಿಂಗಳಲ್ಲಿ ಅದು 5.6ಕ್ಕೆ ಇಳಿಯಿತು, ಉಜ್ಜುವಾಗ ಬ್ರಷ್ಷಿಗೆ ರಕ್ತ ಹತ್ತುವುದೂ ನಿಂತಿತು.

ಎರಡೂವರೆ ವರ್ಷದಿಂದ ಹೊಸ ಫಿಲ್ಲಿಂಗ್ ಬಿದ್ದಿಲ್ಲ. ಎಡಗಡೆಯ ಕೋರೆಹಲ್ಲಿನ ಮೇಲೆ ಸೀಮೆಸುಣ್ಣದಂತೆ ಮಂಕಾಗಿದ್ದ ಬಿಳಿ ಕಲೆಯನ್ನು ಅದೇ ದಂತವೈದ್ಯರು ಗಾಳಿಯಿಂದ ಒಣಗಿಸಿ ನೋಡಿ, ಗಟ್ಟಿಯಾಗಿ ಹೊಳಪು ಬಂದಿದೆ ಎಂದರು. ನಾಲ್ಕು ತಿಂಗಳಿಗೊಮ್ಮೆ ಕರೆಯುತ್ತಿದ್ದವರು ಈ ಸಲ ಒಂದು ವರ್ಷದ ನಂತರದ ದಿನಾಂಕ ಕೊಟ್ಟು ಕಳುಹಿಸಿದ್ದಾರೆ.